ಮನೆಯಲ್ಲೇ ಹಠಾತ್ತನೆ ತೀರಿಕೊಂಡರೆ ಮೊದಲು ಏನು?

ಪ್ರಶ್ನೆ: ತಂದೆ ನಿದ್ದೆಯಲ್ಲೇ ಹೋಗಿಬಿಟ್ಟರೆ ದಹನಕ್ಕೆ ಯಾವ ಕಾಗದ ಬೇಕು? ನೇತ್ರದಾನದ ಆಸೆ ಇದ್ದವರಾದರೆ?

ಉತ್ತರ 1: ಅವರನ್ನು ನೋಡುತ್ತಿದ್ದ ಡಾಕ್ಟರನ್ನು ಮನೆಗೇ ಕರೆಸಿ, ಸಾವಿನ ಕಾರಣದ ಫಾರಂ 4ಎ ಬರೆಸಿಕೊಳ್ಳಿ. ಚಿತಾಗಾರಕ್ಕೆ ಅದರ ಜೊತೆ ಆಧಾರ್ ಪ್ರತಿ ಇರಲಿ. ಬಿದ್ದ ಗಾಯವಿದ್ದರೆ, ಅನುಮಾನವಿದ್ದರೆ ಅವರು ಬರೆಯಲ್ಲ, ಪೊಲೀಸರಿಗೆ ತಿಳಿಸಲೇಬೇಕು.

ಉತ್ತರ 2: ನೇತ್ರದಾನಕ್ಕಾದರೆ, ಸಾವಾದ 6 ಗಂಟೆಯೊಳಗೆ ಬರೀ ಫೋನ್ ಮಾಡಿದರೆ ಸಾಲದು, ನೇತ್ರ ಬ್ಯಾಂಕಿನ ತಂಡವೇ ಬಂದಿರಬೇಕು. ಮೊದಲು ಫ್ಯಾನ್ ಆರಿಸಿ! ಗಾಳಿಗೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಣಗುತ್ತೆ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಗೆ ದಿಂಬು ಕೊಡಿ. ಕನ್ನಡಕ ಹಾಕುತ್ತಿದ್ದವರೂ, ಪೊರೆ ಆಪರೇಷನ್ ಆದವರೂ ಕೊಡಬಹುದು.

ಉತ್ತರ 3: ಮರಣ ನೋಂದಣಿ 21 ದಿನದೊಳಗೆ. ಹೆಸರು, ಇನಿಷಿಯಲ್ ಆಧಾರ್‌ನಲ್ಲಿದ್ದ ಹಾಗೇ ಬರೆಸಿ. ಒಂದಕ್ಷರ ತಪ್ಪಿದರೂ ಬ್ಯಾಂಕಿನವರು ವಾಪಸ್ ಕಳಿಸ್ತಾರೆ. ಗಡಿಬಿಡಿಯಲ್ಲಿ ಎಲ್ಲರೂ ಎಡವೋದು ಇಲ್ಲೇ.