ಅಪ್‌ಡೇಟ್: ಬೆಳ್ಳಿ ಕ್ಯಾಂಡಲ್ ಸ್ಟ್ಯಾಂಡಿನ ಮೇಣ ಬಿಟ್ಟಿತು, ಮುದ್ರೆಯೂ ಸಿಕ್ಕಿತು

ಹಳೇ ಬೆಳ್ಳಿ ಕ್ಯಾಂಡಲ್ ಸ್ಟ್ಯಾಂಡಿಗೆ ಅಂಟಿದ ಮೇಣ ತೆಗೆಯುವುದು ಹೇಗೆ ಅಂತ ಕೇಳಿದ್ದೆನಲ್ಲ, ಕೆಲಸಕ್ಕೆ ಬಂದದ್ದು ಹೇರ್ ಡ್ರೈಯರ್ ಸಲಹೆ. ಕಡಿಮೆ ಬಿಸಿಯಲ್ಲಿ ಮೇಲ್ಭಾಗಕ್ಕಷ್ಟೇ ಗಾಳಿ ಹಿಡಿದು, ಮೆತ್ತಗಾದ ಮೇಣವನ್ನು ಮರದ ಕಡ್ಡಿಯಿಂದ ಎಬ್ಬಿಸಿ, ಉಳಿದ ಜಿಡ್ಡನ್ನು ಹತ್ತಿ ಬಟ್ಟೆಯಿಂದ ಒರೆಸಿದೆ. ಫ್ರೀಜರಿನಲ್ಲಿಟ್ಟು ಮೇಣ ಗಟ್ಟಿಮಾಡಿ ಉದುರಿಸುವ ಉಪಾಯ ಫಲಿಸಲಿಲ್ಲ, ಕೆತ್ತನೆಯ ಸಂದಿಯ ಮೇಣ ಅಲ್ಲೇ ಉಳಿಯಿತು. ಕುದಿಯುವ ನೀರಲ್ಲಿ ಅದ್ದುವುದಂತೂ ಬೇಡವೇ ಬೇಡ. ನಾನು ಎಣಿಸಿರದ ಸಂಗತಿ ಎಂದರೆ ಇದು ಗಟ್ಟಿ ಬೆಳ್ಳಿಯಲ್ಲ, ತೆಳು ಬೆಳ್ಳಿ ತಗಡಿನೊಳಗೆ ಭಾರಕ್ಕೆಂದು ರಾಳ ತುಂಬಿದ್ದಾರೆ. ಬಿಸಿಗೆ ರಾಳ ಮೆತ್ತಗಾದರೆ ಕಂಬ ವಾಲುತ್ತದೆ.

ಬುಡದ ಅಂಚಿನಲ್ಲಿ ಬೆಳ್ಳಿಯ ಶುದ್ಧತೆ, ಪರೀಕ್ಷಿಸಿದ ಊರು ತಿಳಿಸುವ ಇಂಗ್ಲೆಂಡಿನ ಮುದ್ರೆಗಳಾದ ಸಿಂಹ, ಕಿರೀಟ ಎರಡೂ ಇವೆ. ಸಿಂಹ ಅಂದರೆ 92.5% ಬೆಳ್ಳಿ, ಕಿರೀಟ 1773ರಿಂದ 1974ರವರೆಗೆ ಅಲ್ಲಿನ ಶೆಫೀಲ್ಡ್ ನಗರದ ಬೆಳ್ಳಿ ಪರೀಕ್ಷಾ ಕಚೇರಿ ಬಳಸಿದ ಗುರುತು. ಯಾವ ವರ್ಷದ್ದು ಅಂತ ತಿಳಿಯಲು ಪಕ್ಕದಲ್ಲಿ ಒತ್ತಿದ ಅಕ್ಷರ ನೋಡಿ. ಬಿಚ್ಚಿ ಬರುವ ಮೇಲಿನ ಬಟ್ಟಲಿನ ಮುದ್ರೆಯನ್ನೂ ಹೋಲಿಸಿ, ಎಷ್ಟೋ ಸಲ ಅದು ಬೇರೆ ಸ್ಟ್ಯಾಂಡಿನದಾಗಿರುತ್ತದೆ.