ಗದ್ದದ ಕೂದಲಿಗೆ ಎಲೆಕ್ಟ್ರಾಲಿಸಿಸ್ ಮಾಡಿಸಿದರೆ ಮತ್ತೆ ಬೆಳೆಯುವುದೇ ಇಲ್ಲವೇ?

ಸಾಗರದವಳು: ನನ್ನ ತಂಗಿಗೆ ಪಿಸಿಒಡಿ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರಿನ ತೊಂದರೆ) ಇದ್ದು, ಗದ್ದದ ಮೇಲೆ ದಪ್ಪ ಕೂದಲು ಬರುತ್ತಿದೆ. ಥ್ರೆಡ್ಡಿಂಗ್ ಮಾಡಿಸಿ ಮಾಡಿಸಿ ಆ ಜಾಗ ಕಪ್ಪಾಗಿದೆ. ಶಿವಮೊಗ್ಗದಲ್ಲಿ ವಿಚಾರಿಸಿದಾಗ ಒಬ್ಬರು ಲೇಸರ್ ಸಾಕು ಎಂದರು, ಇನ್ನೊಬ್ಬರು ಎಲೆಕ್ಟ್ರಾಲಿಸಿಸ್ ಒಂದೇ ಶಾಶ್ವತ ಎಂದರು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿ ಮೇಷ್ಟ್ರು: ನಾನು ರಸಾಯನಶಾಸ್ತ್ರ ಕಲಿಸುವವನು, ಆ ಭಾಗವನ್ನಷ್ಟೇ ಹೇಳುತ್ತೇನೆ. ಕೂದಲು ಹೊರಬರುವ ರಂಧ್ರದೊಳಗೆ, ಕೂದಲಿಗೆ ಒತ್ತಿಕೊಂಡಂತೆ, ಬಹಳ ಸಣ್ಣ ಸೂಜಿಯೊಂದನ್ನು ಬೇರಿನವರೆಗೆ ಇಳಿಸುತ್ತಾರೆ. ಆ ಸೂಜಿಯೇ ಋಣಧ್ರುವ; ಧನಧ್ರುವವನ್ನು ಚಿಕಿತ್ಸೆ ಪಡೆಯುವವರು ಕೈಯಲ್ಲಿ ಹಿಡಿದಿರುತ್ತಾರೆ. ಏಕಮುಖ ವಿದ್ಯುತ್ತನ್ನು ಸ್ವಲ್ಪವೇ ಹರಿಸಿದಾಗ ಅಲ್ಲಿರುವ ನೀರು ಮತ್ತು ಉಪ್ಪಿನಿಂದ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡ, ಉಂಟಾಗುತ್ತದೆ. ಕೂದಲನ್ನು ಹುಟ್ಟಿಸುವ ಜೀವಕೋಶಗಳನ್ನು ಕೊಲ್ಲುವುದು ಈ ಕ್ಷಾರವೇ ಹೊರತು ಕರೆಂಟಿನ ಹೊಡೆತವಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್ ಅವರು ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲುಗಳನ್ನು ಇದೇ ವಿಧಾನದಿಂದ ತೆಗೆದುದನ್ನು 1875ರಲ್ಲಿ ವರದಿ ಮಾಡಿದರು.

ಮಲೆನಾಡಿಗ: ಮೇಷ್ಟ್ರು ಹೇಳಿದ್ದು ಹಳೆಯ ವಿಧಾನ. ಅದರ ಜೊತೆಗೆ, ಅತಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತಿನಿಂದ (ಎಸಿ) ಸೂಜಿಯ ತುದಿಯ ಸುತ್ತ ಶಾಖ ಹುಟ್ಟಿಸಿ ಬೇರನ್ನು ಸುಡುವ ಥರ್ಮಾಲಿಸಿಸ್ ಇದೆ, ಎರಡನ್ನೂ ಕೂಡಿಸಿದ ಬ್ಲೆಂಡ್ ಕೂಡ ಇದೆ. ಯಾವುದಾದರೂ ಒಂದೊಂದೇ ಕೂದಲನ್ನು ತೆಗೆಯುವ ಕೆಲಸವೇ. ಲೇಸರ್ ಕೆಲವೇ ನಿಮಿಷಗಳಲ್ಲಿ ಇಡೀ ಗದ್ದವನ್ನು ಮುಗಿಸುವಾಗ, ಸಾಗರದಿಂದ ಎಪ್ಪತ್ತು ಕಿಲೋಮೀಟರ್ ಆಸುಪಾಸಿನ ದಾರಿಯನ್ನು ಆ ಹುಡುಗಿ ಈ ಮಳೆಯಲ್ಲಿ ತಿಂಗಳುಗಟ್ಟಲೆ ಏಕೆ ಸವೆಸಬೇಕು?

ಚರ್ಮವೈದ್ಯೆ, ಶಿವಮೊಗ್ಗ: ವೇಗದ ಮಾತು ನಿಜ, ಆದರೆ ಲೇಸರ್ ಹುಡುಕುವುದು ಕೂದಲಿನ ಕಪ್ಪು ಬಣ್ಣವನ್ನು. ಬಿಳಿ ಅಥವಾ ನಸು ಬಣ್ಣದ ಕೂದಲಿನ ಮೇಲೆ ಅದು ನಡೆಯುವುದಿಲ್ಲ. ನಮ್ಮಂತಹ ಕಂದು ಚರ್ಮದಲ್ಲಿಯೂ ಅದೇ ಬಣ್ಣವಿರುವುದರಿಂದ ಸುಟ್ಟ ಕಲೆಯ ಭಯವಿದೆ. 1064 ನ್ಯಾನೋಮೀಟರ್ ತರಂಗಾಂತರದ ಲೇಸರ್ ಯಂತ್ರ ನಮಗೆ ಹೆಚ್ಚು ಸುರಕ್ಷಿತ. ಹಾರ್ಮೋನ್ ಏರುಪೇರಿರುವ ಹೆಣ್ಣುಮಕ್ಕಳಲ್ಲಿ ಮುಖದ ಲೇಸರ್‌ನ ನಂತರ ಸುತ್ತಲಿನ ನವಿರು ಕೂದಲು ದಪ್ಪವಾದ ಉದಾಹರಣೆಗಳೂ ಇವೆ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಲೇಸರ್‌ಗೆ ಕೂದಲನ್ನು ಶಾಶ್ವತವಾಗಿ ಕಡಿಮೆ ಮಾಡುತ್ತದೆ ಎಂಬಷ್ಟಕ್ಕೇ ಒಪ್ಪಿಗೆ ಕೊಡುತ್ತದೆ. ಆದರೂ ಕೂದಲು ದಟ್ಟವಾಗಿ, ಕಪ್ಪಾಗಿ ಇದ್ದರೆ ನಾನು ಲೇಸರ್‌ನಿಂದಲೇ ಆರಂಭಿಸುತ್ತೇನೆ; ಅಲ್ಲೊಂದು ಇಲ್ಲೊಂದು ಉಳಿದವಕ್ಕೆ ಸೂಜಿ.

ಹೊಸನಗರದ ಅಮ್ಮ: ಶಾಶ್ವತ ಎಂಬುದನ್ನು ನಾನು ನಂಬುವುದಿಲ್ಲ. ನನ್ನ ಮಗಳಿಗೆ ಅಷ್ಟು ನೋವು ತಿನ್ನಿಸಿ ಮಾಡಿಸಿದೆವು, ವರ್ಷ ತುಂಬುವುದರೊಳಗೆ ಅದೇ ಗದ್ದದಲ್ಲಿ ಮತ್ತೆ ಕೂದಲು ಬಂದಿತು.

ಚರ್ಮವೈದ್ಯೆ, ಶಿವಮೊಗ್ಗ: ಅಮ್ಮ, ನಿಮ್ಮ ಬೇಸರಕ್ಕೆ ಕಾರಣವಿದೆ. ಸರಿಯಾಗಿ ನಾಶವಾದ ಬೇರಿನಿಂದ ಮತ್ತೆ ಕೂದಲು ಬರುವುದಿಲ್ಲ, ಆದರೆ ಪ್ರತಿಯೊಂದು ಬೇರಿಗೂ ಬೆಳೆಯುವ ಮತ್ತು ವಿಶ್ರಮಿಸುವ ಕಾಲಗಳಿವೆ. ಚಿಕಿತ್ಸೆಯ ದಿನ ಕೂದಲೇ ಕಾಣದಂತೆ ಮಲಗಿದ್ದ ಬೇರುಗಳು ನಂತರ ಎಚ್ಚರಗೊಳ್ಳುತ್ತವೆ. ಸೂಜಿ ತಪ್ಪು ಆಳಕ್ಕೆ ಅಥವಾ ತಪ್ಪು ಕೋನದಲ್ಲಿ ಇಳಿದಿದ್ದರೆ ಬೇರು ಅರೆಜೀವದಲ್ಲಿ ಉಳಿದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಂಡ್ರೋಜನ್, ಅಂದರೆ ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನ್, ಹೆಚ್ಚಿದ್ದರೆ ಇನ್ನೂ ಮುಟ್ಟದ ಪಕ್ಕದ ನವಿರು ಕೂದಲುಗಳು ಹೊಸದಾಗಿ ದಪ್ಪವಾಗುತ್ತಲೇ ಇರುತ್ತವೆ. ಅದನ್ನು ಯಾವ ಸೂಜಿಯೂ ತಡೆಯಲಾರದು. ಆದ್ದರಿಂದ ಪಿಸಿಒಡಿಗೆ ಔಷಧವೂ ಜೊತೆಯಲ್ಲೇ ನಡೆಯಬೇಕು.

ಮಲೆನಾಡಿಗ: ಹಾಗಿದ್ದರೆ ಮೊದಲು ಹಾರ್ಮೋನ್ ಪರೀಕ್ಷೆ, ಹಣ ಸುರಿಯುವುದು ಆಮೇಲೆ. ಇದನ್ನು ಒಪ್ಪುತ್ತೇನೆ. ಲೇಸರ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸಾಗರದವಳು: ತಂಗಿ ಈಗಲೂ ಥ್ರೆಡ್ಡಿಂಗ್ ಮಾಡಿಸುತ್ತಿದ್ದಾಳೆ, ನಿಲ್ಲಿಸಬೇಕೇ?

ಚರ್ಮವೈದ್ಯೆ, ಶಿವಮೊಗ್ಗ: ನಿಲ್ಲಿಸಬೇಕು. ಕಿತ್ತ ಕೂದಲಿನ ಜಾಗದಲ್ಲಿ ಸೂಜಿಗೆ ದಾರಿ ತೋರಲು ಏನೂ ಉಳಿದಿರುವುದಿಲ್ಲ. ಕತ್ತರಿಯಿಂದ ಚಿಕ್ಕದಾಗಿ ಕತ್ತರಿಸಿಕೊಳ್ಳಬಹುದು. ಹೆಪಟೈಟಿಸ್ ಬಿ ಹರಡಬಹುದಾದ್ದರಿಂದ, ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯುವಂತೆ ಕೇಳಿ. ಗಾಯವಾದಲ್ಲಿ ಉಬ್ಬಿದ ಕಲೆ ಉಳಿಯುವ ಸ್ವಭಾವವಿದ್ದರೆ ಮೊದಲೇ ತಿಳಿಸಿ. ದವಡೆಯ ಕೆಳಗಿನ ಕೆಲವೇ ಕೂದಲುಗಳ ಮೇಲೆ ಪ್ರಯೋಗ ಮಾಡಿಸಿ, ಕೆಲವು ವಾರ ಕಳೆದ ಮೇಲೂ ಕಪ್ಪು ಕಲೆ ಉಳಿಯದಿದ್ದರೆ ಮುಂದುವರಿಯಿರಿ.