ನಕ್ಷೆ ಮೊದಲೋ, ಕಥೆ ಮೊದಲೋ?

ಪ್ರಶ್ನೆ: ಎರಡು ವರ್ಷಗಳಿಂದ ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಎಂಬುದೂ ಸುಳ್ಳೇ, ನಕ್ಷೆ ಬಿಡಿಸುತ್ತಿದ್ದೇನೆ. ಏಳು ನದಿ, ಮೂರು ರಾಜವಂಶ, ನಾಣ್ಯಗಳ ತೂಕ ಕೂಡ ಸಿದ್ಧವಾಗಿದೆ. ಮೊದಲ ಅಧ್ಯಾಯ ಮಾತ್ರ ಇಲ್ಲ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಎಲ್ಲವನ್ನೂ ಮೊದಲೇ ಕಟ್ಟಿಕೊಂಡು ಬರೆಯಲು ಕುಳಿತವರಲ್ಲವೇ?

ಉತ್ತರ 1: ಅರ್ಧ ನಿಜ. ತಮ್ಮ ಕಲ್ಪನಾಲೋಕದ ಭಾಷೆಗಳನ್ನು ಅವರು ಬಹಳ ಮೊದಲೇ ಕಟ್ಟತೊಡಗಿದ್ದರು. ಒಂದಕ್ಕೆ ಫಿನ್ನಿಶ್ ಪ್ರೇರಣೆ, ಇನ್ನೊಂದಕ್ಕೆ ವೆಲ್ಶ್. ಆದರೆ 1937ರಲ್ಲಿ ಪ್ರಕಟವಾದ ಅವರ ಕಾದಂಬರಿ ‘ದಿ ಹಾಬಿಟ್’ ಹುಟ್ಟಿದ್ದು ಉತ್ತರಪತ್ರಿಕೆ ತಿದ್ದುವ ಬೇಸರದ ನಡುವೆ. ವಿದ್ಯಾರ್ಥಿಯೊಬ್ಬ ಖಾಲಿ ಬಿಟ್ಟಿದ್ದ ಹಾಳೆಯ ಮೇಲೆ, ನೆಲದೊಳಗಿನ ಬಿಲದಲ್ಲಿ ಹಾಬಿಟ್ ಒಂದು ವಾಸವಾಗಿತ್ತು ಎಂದು ಗೀಚಿದರು. ಹಾಬಿಟ್ ಎಂದರೇನೆಂದು ಆಗ ಅವರಿಗೇ ಗೊತ್ತಿರಲಿಲ್ಲ! ಆ ಕಥೆಯ ಕುಬ್ಜರ ಹೆಸರುಗಳನ್ನಂತೂ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ಕಾವ್ಯದಿಂದ ಎತ್ತಿಕೊಂಡರು.

ಉತ್ತರ 2: ನಾಣ್ಯದ ತೂಕವೇ? ನಾನೂ ಅದೇ ಜಾತಿ. ನನ್ನ ಹಸ್ತಪ್ರತಿ ಕದಲಿದ್ದು ದೋಣಿ ನಡೆಸುವವಳೊಬ್ಬಳ ಹರಿದ ಚೀಲದಿಂದ. ಒಳಗೇನಿದೆ ಎಂದು ನೋಡುವುದಕ್ಕೇ ಬರೆದೆ: ಒಣಮೀನು, ಹಗ್ಗದ ತುಂಡು, ಯಾರದೋ ಹಲ್ಲು. ಯಾರ ಹಲ್ಲು ಎಂದು ಹುಡುಕುತ್ತ ನಲವತ್ತು ಪುಟ ಓಡಿತು. ರಾಜವಂಶಗಳು ಇನ್ನೂ ಟಿಪ್ಪಣಿ ಪುಸ್ತಕದಲ್ಲೇ ಮಲಗಿವೆ.

ಪ್ರಶ್ನೆ ಕೇಳಿದವರು: ನನ್ನ ಏಳನೆಯ ನದಿಗೆ ಸೇತುವೆಯೇ ಇಲ್ಲ. ಅದನ್ನು ದಾಟಲೇಬೇಕಾದವರು ಯಾರೆಂದು ಇಂದು ರಾತ್ರಿ ನೋಡುತ್ತೇನೆ.